ಸಾಲ್ಜ್‌ಬರ್ಗ್‌ನಲ್ಲಿ ಮೊಜಾರ್ಟ್ ಎಲ್ಲಿ ಕೇಳೋದು: ಊಟದ ಹಾಲ್, ಕೋಟೆ, ಕ್ಯಾಥೆಡ್ರಲ್

ಸಂಗೀತಗಾರ ಮೊಜಾರ್ಟ್ ಹುಟ್ಟಿದ, ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಚಿಕ್ಕ ಊರು. ಆದರೆ ಸಂಜೆಯಾದರೆ ಸಾಕು, ಎಲ್ಲಾದರೊಂದು ಕಡೆ ಮೊಜಾರ್ಟ್ ನುಡಿಸುತ್ತಿರುತ್ತಾರೆ, ಯಾವುದಕ್ಕೆ ದುಡ್ಡು ಕೊಡೋದು ಅನ್ನೋದೇ ತಲೆನೋವು. 1920ರಲ್ಲಿ ಶುರುವಾದ ಬೇಸಿಗೆ ಸಂಗೀತೋತ್ಸವದ ಮಾತು ಬೇರೆ. ಅದರ ಟಿಕೆಟ್ಟು, ಆಗಿನ ಹೋಟೆಲ್ ಬಾಡಿಗೆ ಎರಡೂ ನಮ್ಮಂಥವರ ಕೈಗೆ ಸುಲಭಕ್ಕೆ ಎಟುಕುವುದಿಲ್ಲ. ಉಳಿದ ದಿನಗಳಲ್ಲಿ ಹೋದವರಿಗೆ ಮುಖ್ಯವಾಗಿ ಸಿಗುವುದು ಡಿನ್ನರ್ ಕಾನ್ಸರ್ಟ್, ಕೋಟೆಯ ಕಾನ್ಸರ್ಟ್ ಮತ್ತು ಭಾನುವಾರ ಬೆಳಗ್ಗೆ ಕ್ಯಾಥೆಡ್ರಲ್‌ನ (ಊರಿನ ಮುಖ್ಯ ಚರ್ಚಿನ) ಬಲಿಪೂಜೆ, ಅಂದರೆ ಸಂಗೀತದ ಜೊತೆ ನಡೆಯುವ ಕ್ರೈಸ್ತರ ಮಾಸ್ ಪ್ರಾರ್ಥನೆ. ಮೂರನ್ನೂ ಕೂತು ಕೇಳಿದ್ದೇನೆ. ಕೊನೆಯದಕ್ಕೆ ಟಿಕೆಟ್ಟೇ ಇಲ್ಲ, ನನಗೆ ಹಿಡಿಸಿದ್ದೂ ಅದೇ.

ಡಿನ್ನರ್ ಕಾನ್ಸರ್ಟಿನಿಂದ ಶುರು ಮಾಡೋಣ, ಯಾಕಂದರೆ ಜಾಸ್ತಿ ದುಡ್ಡು ಹೋಗೋದು ಅಲ್ಲೇ. ಮೇಣದ ಬತ್ತಿ, ತೂಗುದೀಪ, ಬಿಳಿ ವಿಗ್ ಹಾಕಿಕೊಂಡ ಗಾಯಕರು. ಒಂದು ಬಗೆಯ ತಿನಿಸು ಬರುತ್ತದೆ, ಆಮೇಲೆ ಒಪೆರಾ ಎಂಬ ಹಾಡಿನ ನಾಟಕಗಳಿಂದ ಆರಿಸಿದ ಎರಡು ಮೂರು ಹಾಡು, ಮತ್ತೆ ತಿನಿಸು. ಹಾಡುವವರು ಚೆನ್ನಾಗಿಯೇ ಹಾಡುತ್ತಾರೆ, ಅದರಲ್ಲಿ ತಕರಾರಿಲ್ಲ. ಆದರೆ ಇದು ಮದುವೆ ರಿಸೆಪ್ಶನ್‌ನ ವಾದ್ಯಗೋಷ್ಠಿ ಇದ್ದ ಹಾಗೆ. ಎಲ್ಲರಿಗೂ ಗೊತ್ತಿರುವ ತುಣುಕುಗಳು, ಅರ್ಧ ಗಮನ ತಟ್ಟೆಯ ಮೇಲೆ, ಉಳಿದರ್ಧ ಫೋನಿನ ಮೇಲೆ. ಮನೆಯವರ ಹುಟ್ಟುಹಬ್ಬಕ್ಕೋ ಮದುವೆ ವಾರ್ಷಿಕೋತ್ಸವಕ್ಕೋ ಆದರೆ ಖುಷಿಯಾಗಿ ಹೋಗಿ ಬನ್ನಿ. ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಿಬಿಡಿ, ಮೊಟ್ಟೆ ತಿನ್ನದವರು ಅದನ್ನೂ ಬಿಡಿಸಿ ಹೇಳಿ, ಅಲ್ಲಿ ಸಸ್ಯಾಹಾರ ಅಂದರೆ ಮೊಟ್ಟೆಯೂ ಸೇರಿರುತ್ತದೆ.

ಕೋಟೆಯದು ಇದಕ್ಕಿಂತ ವಾಸಿ. ಹೋಹೆನ್‌ಸಾಲ್ಜ್‌ಬರ್ಗ್ ಕೋಟೆಯ ಕೆಲಸ 1077ರಲ್ಲಿ ಶುರುವಾಯಿತು. ಮೇಲೆ ಹೋಗಲು 1892ರಿಂದ ಓಡುತ್ತಿರುವ ಹಳಿ ಬಂಡಿ ಇದೆ. ಕಾಲಲ್ಲಿ ಶಕ್ತಿ ಇದ್ದರೆ ನಡೆದೂ ಹತ್ತಬಹುದು, ಏರು ಮಾತ್ರ ಕಡಿದು. ಕೆಲವೇ ಜನ ನುಡಿಸುವ ಗುಂಪು, ಕೇಳುವವರೂ ಹತ್ತಿರದಲ್ಲೇ ಕೂತಿರುತ್ತಾರೆ, ಪಿಟೀಲಿನ ಕಮಾನು ತಂತಿಗೆ ತಾಗುವ ಸದ್ದೂ ಕಿವಿಗೆ ಬೀಳುತ್ತದೆ. ಮುಂಚೆಯೇ ಹತ್ತಿದರೆ ಊರಿನ ಗುಮ್ಮಟಗಳೆಲ್ಲ ಕೆಳಗೆ ಕಾಣುತ್ತವೆ. ಒಂದೇ ಕೊರತೆ ಅಂದರೆ, ಅಲ್ಲಿನ ಅರಮನೆ ಕೋಣೆಗಳು 1500ರ ಆಸುಪಾಸಿನವು, ಮೊಜಾರ್ಟ್ ಕಾಲಕ್ಕಿಂತ ಎಷ್ಟೋ ಹಳೆಯವು. ಆ ಸಂಗೀತಕ್ಕೂ ಆ ಕೋಣೆಗೂ ಅಂಥ ನಂಟಿಲ್ಲ. ಮತ್ತೆ, ಮುಗಿಯುವಾಗ ರಾತ್ರಿಯಾಗಿರುತ್ತದೆ. ಜರ್ಮನಿಯ ಮ್ಯೂನಿಕ್‌ನಲ್ಲಿರುವ ನಮ್ಮವರು ಬಯರ್ನ್ ಟಿಕೆಟ್ (ಒಂದು ದಿನದ ರೈಲು ಪಾಸು) ತಗೊಂಡು ಒಂದೇ ದಿನದಲ್ಲಿ ಹೋಗಿಬರುತ್ತಾರಲ್ಲ, ಅವರು ವಾಪಸ್ ರೈಲಿನ ಸಮಯ ನೋಡಿಕೊಂಡೇ ಇದನ್ನು ಬುಕ್ ಮಾಡಬೇಕು.

ಇನ್ನು ಕ್ಯಾಥೆಡ್ರಲ್. ಇಟಲಿ ಮೂಲದ ಸಂತಿನೊ ಸೊಲಾರಿ ಕಟ್ಟಿದ್ದು, 1628ರಲ್ಲಿ ಪ್ರತಿಷ್ಠೆ ಆಯಿತು. 1756ರ ಜನವರಿ 27ರಂದು ಹುಟ್ಟಿದ ಮೊಜಾರ್ಟ್‌ಗೆ ಮರುದಿನವೇ ಜ್ಞಾನಸ್ನಾನ (ಮಗುವನ್ನು ಕ್ರೈಸ್ತ ಧರ್ಮಕ್ಕೆ ಸೇರಿಸಿಕೊಳ್ಳುವ ವಿಧಿ) ಆಗಿದ್ದು ಇಲ್ಲಿ, ಆ ತೊಟ್ಟಿ ಈಗಲೂ ಇದೆ. ಮುಂದೆ 1779ರಲ್ಲಿ ಅವನು ಆಸ್ಥಾನದ ಆರ್ಗನ್ (ಗಾಳಿ ಕೊಳವೆಗಳಿಂದ ನುಡಿಯುವ ಚರ್ಚಿನ ವಾದ್ಯ) ವಾದಕನಾಗಿ ನೌಕರಿಗೆ ಸೇರಿದ್ದೂ ಈ ಊರಲ್ಲೇ. ಅಂದರೆ ಈ ಕಟ್ಟಡದಲ್ಲಿ ಯಾವ ಸ್ವರ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನೋದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗುಮ್ಮಟದ ಕೆಳಗಿನ ನಾಲ್ಕು ಕಂಬಗಳಿಗೂ ಒಂದೊಂದು ಚಿಕ್ಕ ಆರ್ಗನ್, ಹಿಂದುಗಡೆ ಬಾಗಿಲ ಮೇಲೆ ದೊಡ್ಡದು. ಆ ಕಾಲದಲ್ಲಿ ಗಾಯಕರು, ವಾದಕರು ಕಂಬಗಳ ಮೇಲಿನ ಬಾಲ್ಕನಿಗಳಲ್ಲಿ ಹಂಚಿಕೊಂಡು ನಿಲ್ಲುತ್ತಿದ್ದರು. ಮೊಜಾರ್ಟ್ ಕಾಲದ ಆರ್ಚ್‌ಬಿಷಪ್ (ಹಿರಿಯ ಧರ್ಮಗುರು) ಕೊಲೊರೆಡೊಗೆ ಉದ್ದನೆಯ ಪೂಜೆ ಆಗುತ್ತಿರಲಿಲ್ಲ. ಎಷ್ಟೇ ದೊಡ್ಡ ಹಬ್ಬವಿದ್ದರೂ ಮುಕ್ಕಾಲು ಗಂಟೆ ಮೀರಬಾರದು ಅಂತ ಕಟ್ಟಪ್ಪಣೆ ಇದೆ ಎಂದು 1776ರ ಒಂದು ಪತ್ರದಲ್ಲಿ ಮೊಜಾರ್ಟ್ ಬರೆದಿದ್ದಾನೆ. ಹಾಗಾಗಿಯೇ ಇಲ್ಲಿಗೆ ಬರೆದ ಸಂಗೀತದಲ್ಲಿ ಎಳೆದಾಟ ಕಮ್ಮಿ. ಒಂದು ಭಾಗ ಶುರುವಾಗಿ, ಏರಿ, ಥಟ್ಟನೆ ನಿಲ್ಲುತ್ತದೆ, ನಿಂತ ಮೇಲೂ ಗುಮ್ಮಟದಲ್ಲಿ ಸ್ವಲ್ಪ ಹೊತ್ತು ಉಳಿಯುತ್ತದೆ, ಅದು ಆರುವಷ್ಟರಲ್ಲಿ ಪಾದ್ರಿಗಳ ಮಾತು ಶುರು. ಊಟದ ಹಾಲ್‌ನಲ್ಲಿ ಇದು ಸಿಗೋದೇ ಇಲ್ಲ.

ಪೂಜೆ ಬೆಳಗ್ಗೆ 10ಕ್ಕೆ. ಪ್ರತಿ ವಾರವೂ ಆರ್ಕೆಸ್ಟ್ರಾ ಇರುವುದಿಲ್ಲ, ಕೆಲವೊಮ್ಮೆ ಬರೀ ಗಾಯಕರು ಮತ್ತು ಆರ್ಗನ್. ಆ ಭಾನುವಾರ ಯಾವ ಕೃತಿ ಅಂತ ಕ್ಯಾಥೆಡ್ರಲ್‌ನ ವೆಬ್‌ಸೈಟ್ ನೋಡಿಯೇ ದಿನ ಗೊತ್ತುಮಾಡಿಕೊಳ್ಳಿ. ಕ್ರೈಸ್ತರಲ್ಲದವರು ಕೂರಬಹುದಾ ಅಂತ ಕೇಳುತ್ತಾರೆ. ಧಾರಾಳವಾಗಿ ಕೂರಬಹುದು. ಆದರೆ ಅದು ಕಛೇರಿಯಲ್ಲ, ಪ್ರಾರ್ಥನೆ. ಫೋಟೋ ತೆಗೆಯಬೇಡಿ, ನಡುವೆ ಎದ್ದು ಓಡಾಡಬೇಡಿ, ಚಪ್ಪಾಳೆಗೆ ಕೈ ಎತ್ತಬೇಡಿ. ಜರ್ಮನ್ ಪ್ರವಚನ ಅರ್ಥವಾಗದೆ ಬೇಜಾರಾಗಬಹುದು, ಆಗ ಸುಮ್ನೆ ತಲೆ ಎತ್ತಿ ಚಾವಣಿಯ ಗಾರೆ ಕೆಲಸ ನೋಡುತ್ತಾ ಕೂತರಾಯಿತು.

ಭಾನುವಾರ ಊರಲ್ಲಿ ಇರೋದಿಲ್ಲ ಅನ್ನುವವರು ಕ್ಯಾಥೆಡ್ರಲ್‌ನಲ್ಲೇ ಮಧ್ಯಾಹ್ನದ ಆರ್ಗನ್ ಕಾರ್ಯಕ್ರಮ ಇದೆಯಾ ನೋಡಿ. ಅದು ಚಿಕ್ಕದು, ಟಿಕೆಟ್ ಇರುತ್ತದೆ, ಡಿನ್ನರ್ ಕಾನ್ಸರ್ಟಿಗೆ ಹೋಲಿಸಿದರೆ ಅದರ ಬೆಲೆ ಏನೂ ಅಲ್ಲ.

ಕೇಳೋದು ಮುಗಿದ ಮೇಲೆ ಮೊಜಾರ್ಟ್ ಮನೆ ನೋಡಲೇಬೇಕು ಅನ್ನಿಸಿದರೆ ಅಲ್ಲೂ ಎರಡಿವೆ. ಗೆಟ್ರೈಡೆಗಾಸೆ ಬೀದಿಯ 9ನೇ ನಂಬರಿನ ಹಳದಿ ಮನೆ ಅವನು ಹುಟ್ಟಿದ್ದು. ಎಲ್ಲರೂ ಮೊದಲು ನುಗ್ಗೋದು ಅಲ್ಲಿಗೇ. ನದಿಯಾಚೆ ಮಕಾರ್ಟ್ ಚೌಕದಲ್ಲಿ ಇರೋದು 1773ರಲ್ಲಿ ಕುಟುಂಬ ಹೋಗಿ ನೆಲೆಸಿದ ದೊಡ್ಡ ಮನೆ. 1944ರ ಬಾಂಬ್ ದಾಳಿಯಲ್ಲಿ ಅದರ ಬಹುಪಾಲು ಬಿದ್ದುಹೋಗಿ, ಮತ್ತೆ ಕಟ್ಟಿ 1996ರಲ್ಲಿ ತೆರೆದರು. ಗೋಡೆ ಹೊಸದಾದರೂ ನನ್ನ ಆಯ್ಕೆ ಇದೇ, ಯಾಕಂದರೆ ಉಸಿರಾಡಲು ಜಾಗ ಇದೆ, ನಿಧಾನಕ್ಕೆ ನೋಡಬಹುದು. ಪಕ್ಕದಲ್ಲೇ ಫಿಷರ್ ಫಾನ್ ಎರ್ಲಾಕ್ ಕಟ್ಟಿದ ಟ್ರಿನಿಟಿ ಚರ್ಚು, ಅದರ ಒಳಬಾಗಿದ ಮುಂಭಾಗ ನೋಡಲು ಚೌಕದ ಆಚೆ ಬದಿಗೆ ಹೋಗಿ ನಿಲ್ಲಬೇಕು.