ಬಸವನಗುಡಿಯ ಒಂದು ಸ್ವಾಭ್ಯಾಸದ ಯೋಗಶಾಲೆ: ಹದಿನಾಲ್ಕು ತಿಂಗಳ ಅನುಭವ

ಬೆಂಗಳೂರಿನ ಬಸವನಗುಡಿಯ ಒಂದು ಅಡ್ಡರಸ್ತೆಯಲ್ಲಿ, ಹಳೆಯ ಮನೆಯೊಂದರ ಮಹಡಿಯ ಮೇಲೆ ನಡೆಯುವ ಯೋಗಶಾಲೆಗೆ ನಾನು ಹದಿನಾಲ್ಕು ತಿಂಗಳಿಂದ ಹೋಗುತ್ತಿದ್ದೇನೆ. ಹೊರಗೆ ಫಲಕವಿಲ್ಲ. ಈಗಿರುವ ಜಾಗಕ್ಕೆ ಈಗಿರುವಷ್ಟು ಜನ ಸಾಕೆಂದು ಹೇಳಿ, ಹೆಸರನ್ನೂ ವಿಳಾಸವನ್ನೂ ಬರೆಯಬಾರದೆಂದು ಮೇಷ್ಟ್ರು ಕೇಳಿಕೊಂಡಿರುವುದರಿಂದ ಅವೆರಡನ್ನೂ ಇಲ್ಲಿ ಕೊಟ್ಟಿಲ್ಲ. ಆದರೆ ಅವರು ಕಲಿಸುವ ಕ್ರಮ, ಅಂದರೆ ಪ್ರತಿಯೊಬ್ಬರೂ ಕಲಿತ ಆಸನಗಳನ್ನು ನೆನಪಿನಿಂದ ತಮ್ಮಷ್ಟಕ್ಕೆ ತಾವೇ ಮಾಡುವ ‘ಮೈಸೂರು ಶೈಲಿ’, ನಗರದ ಬೇರೆ ಬಡಾವಣೆಗಳಲ್ಲಿಯೂ ಸಿಗುತ್ತದೆ. ನೌಕರಿ, ಮನೆ, ಮಕ್ಕಳ ಓದು ಇವುಗಳ ನಡುವೆ ಯೋಗಾಭ್ಯಾಸವನ್ನು ಕೈಬಿಡದೆ ನಡೆಸಬೇಕೆಂದಿರುವವರಿಗೆ ಈ ಕ್ರಮದಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ನನ್ನ ಅನುಭವದ ಆಧಾರದ ಮೇಲೆ ಬರೆಯುತ್ತಿದ್ದೇನೆ.

ಮೊದಲು ನನ್ನ ದಿನಚರಿಯನ್ನು ಹೇಳಬೇಕು, ಏಕೆಂದರೆ ಅಭಿಪ್ರಾಯವೆಲ್ಲ ಅದರ ಮೇಲೆಯೇ ನಿಂತಿದೆ. ಮನೆ ಜಯನಗರದಲ್ಲಿ, ಕೆಲಸ ಎಲೆಕ್ಟ್ರಾನಿಕ್ ಸಿಟಿಯ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ. ಮಗ ಎರಡನೆಯ ಪಿಯುಸಿಯಲ್ಲಿದ್ದಾನೆ. ಅತ್ತೆಯವರಿಗೆ ಸಕ್ಕರೆ ಕಾಯಿಲೆಯಿರುವುದರಿಂದ ಬೆಳಿಗ್ಗೆ ಏಳೂವರೆಯ ಹೊತ್ತಿಗೆ ಅವರ ತಿಂಡಿ ಆಗಲೇಬೇಕು. ಇದಕ್ಕೂ ಮೊದಲು ಎಂಟು ವರ್ಷಗಳಲ್ಲಿ ಮೂರು ಕಡೆ ಯೋಗ ತರಗತಿಗೆ ಸೇರಿ ಮೂರನ್ನೂ ಬಿಟ್ಟಿದ್ದೆ. ಒಂದು ಕಡೆ ಆರು ಗಂಟೆಗೆ ಸರಿಯಾಗಿ ಬಾಗಿಲು ಹಾಕುತ್ತಿದ್ದರು. ಹಾಲು ಉಕ್ಕುವುದು ಐದು ನಿಮಿಷ ತಡವಾದರೂ ಆ ದಿನದ ತರಗತಿ ತಪ್ಪುತ್ತಿತ್ತು. ಇನ್ನೊಂದು ಕಡೆ ವರ್ಷದ ಶುಲ್ಕವನ್ನು ಮುಂಗಡವಾಗಿ ಕಟ್ಟಿಸಿಕೊಂಡು, ನಾಲ್ಕು ತಿಂಗಳಲ್ಲಿ ಮೂವರು ಶಿಕ್ಷಕರನ್ನು ಬದಲಾಯಿಸಿದರು. ಮೂರನೆಯದು ಮೊಬೈಲ್ ಆ್ಯಪ್‌ನ ಮೂಲಕ ನಡೆಯುತ್ತಿದ್ದ ಪಾಠ. ಈ ಮೂರರಲ್ಲಿಯೂ ಶಿಕ್ಷಕರ ಧ್ವನಿ ಹೇಳಿದಂತೆ ನನ್ನ ಕೈಕಾಲು ಆಡುತ್ತಿದ್ದವು. ಆ ಧ್ವನಿ ಇಲ್ಲದ ದಿನ ತ್ರಿಕೋಣಾಸನವಾದ ಮೇಲೆ ಮುಂದೇನು ಎಂಬುದು ನನಗೆ ತಿಳಿಯುತ್ತಿರಲಿಲ್ಲ. ಬಿಟ್ಟದ್ದಕ್ಕೆ ನನ್ನ ಸೋಮಾರಿತನವೇ ಕಾರಣವೆಂದು ಬಹಳ ಕಾಲ ನಂಬಿದ್ದೆ. ಕಲಿತದ್ದು ನನ್ನದಾಗಿರಲಿಲ್ಲ ಎಂಬುದು ಈ ಶಾಲೆಗೆ ಬಂದ ಮೇಲೆಯೇ ಅರ್ಥವಾಯಿತು.

ಇಲ್ಲಿ ಬೆಳಿಗ್ಗೆ ಐದೂಕಾಲಿಗೆ ಬಾಗಿಲು ತೆರೆಯುತ್ತದೆ, ಎಂಟೂವರೆಗೆ ಮುಚ್ಚುತ್ತದೆ. ಆ ನಡುವೆ ಯಾರು ಯಾವಾಗ ಬೇಕಾದರೂ ಬರಬಹುದು, ಅಭ್ಯಾಸ ಮುಗಿದ ಕೂಡಲೇ ಹೋಗಬಹುದು. ಎಲ್ಲರಿಗೂ ಒಟ್ಟಿಗೆ ಹೇಳಿಕೊಡುವ ಪದ್ಧತಿಯಿಲ್ಲ. ಪ್ರತಿಯೊಬ್ಬರೂ ತಮಗೆ ಕಲಿಸಿದಷ್ಟು ಆಸನಗಳನ್ನು ನೆನಪಿನಿಂದ, ತಮ್ಮ ಉಸಿರಿನ ಲೆಕ್ಕದಲ್ಲಿ ಮಾಡುತ್ತಾರೆ. ಮೇಷ್ಟ್ರು ಸಾಲುಗಳ ನಡುವೆ ಓಡಾಡುತ್ತಾ, ತಪ್ಪಿದ ಕಡೆ ಒಂದು ಮಾತು ಹೇಳಿಯೋ, ಅನುಮತಿ ಕೇಳಿ ಕೈಹಿಡಿದೋ ತಿದ್ದುತ್ತಾರೆ. ಗೋಡೆಗೆ ಕನ್ನಡಿಯಿಲ್ಲ, ಸಂಗೀತವೂ ಇಲ್ಲ. ಕೆಂಪು ಕಾವಿ ನೆಲದ ಆ ಕೋಣೆಯಲ್ಲಿ ಹದಿನಾರು ಜನರ ಉಸಿರಿನ ಸದ್ದು ಮಾತ್ರ ಕೇಳುತ್ತಿರುತ್ತದೆ. ಭಾನುವಾರ ಮಾತ್ರ ಎಲ್ಲರೂ ಆರು ಗಂಟೆಗೆ ಸೇರುತ್ತಾರೆ. ಅಂದು ಮೇಷ್ಟ್ರು ಏಕಂ, ದ್ವೇ, ತ್ರೀಣಿ ಎಂದು ಸಂಸ್ಕೃತದಲ್ಲಿ ಎಣಿಸುತ್ತಾರೆ, ಆ ಎಣಿಕೆಗೆ ಎಲ್ಲರೂ ಒಂದೇ ವೇಗದಲ್ಲಿ ಸಾಗಬೇಕು. ವಾರವಿಡೀ ಅವಸರದಲ್ಲಿ ನುಂಗಿಹಾಕಿದ ಉಸಿರುಗಳೆಲ್ಲ ಆ ದಿನ ಬಯಲಾಗುತ್ತವೆ.

ಈ ಕ್ರಮಕ್ಕೆ ಜಗತ್ತಿನಾದ್ಯಂತ ‘ಮೈಸೂರು ಶೈಲಿ’ ಎಂದೇ ಹೆಸರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1930ರ ದಶಕದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಅವರ ಶಿಷ್ಯರಲ್ಲಿ ಇಬ್ಬರು ನಮ್ಮ ನಾಡಿನ ಹಳ್ಳಿಗಳವರು. ಹಾಸನ ಜಿಲ್ಲೆಯ ಕೌಶಿಕದಲ್ಲಿ 1915ರಲ್ಲಿ ಹುಟ್ಟಿದ ಪಟ್ಟಾಭಿ ಜೋಯಿಸರು ಒಬ್ಬರು, ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರು ಇನ್ನೊಬ್ಬರು. ಅಯ್ಯಂಗಾರರು ಪುಣೆಯಲ್ಲಿ ನೆಲೆಸಿ ಬೇರೆ ದಾರಿಯನ್ನು ಬೆಳೆಸಿದರು. ಈ ಕ್ರಮವನ್ನು ಕಲಿಸುತ್ತಿದ್ದ ಜೋಯಿಸರು 1948ರಲ್ಲಿ ಮೈಸೂರಿನ ಲಕ್ಷ್ಮೀಪುರದಲ್ಲಿ ತಮ್ಮ ಸಂಸ್ಥೆಯನ್ನು ಆರಂಭಿಸಿ, ಮುಂದೆ ಗೋಕುಲಂ ಬಡಾವಣೆಗೆ ಸ್ಥಳಾಂತರಿಸಿದರು. ನಮ್ಮ ಮೇಷ್ಟ್ರು ಕಲಿತದ್ದು ಮೈಸೂರಿನಲ್ಲಿಯೇ. ನೂರೈವತ್ತು ಕಿಲೋಮೀಟರ್ ಆಚೆ ಹುಟ್ಟಿದ ಈ ಪದ್ಧತಿಯ ಪರಿಚಯ ನನಗಾದದ್ದು ವಿದೇಶದಲ್ಲಿರುವ ಸಹೋದ್ಯೋಗಿಯೊಬ್ಬರಿಂದ ಎಂಬುದನ್ನು ನೆನೆದರೆ ಈಗಲೂ ಮನಸ್ಸಿಗೆ ನೋವಾಗುತ್ತದೆ. ಮೈಸೂರಿನಲ್ಲಿ ಅಜ್ಜಿಯ ಮನೆಯಿದ್ದು, ಪ್ರತಿ ಬೇಸಿಗೆಯನ್ನು ಅಲ್ಲಿಯೇ ಕಳೆದವಳು ನಾನು.

ಕಲಿಕೆಯ ವೇಗ ನಿಧಾನ. ಮೊದಲ ದಿನ ಸೂರ್ಯನಮಸ್ಕಾರದ ಮೊದಲ ಬಗೆಯನ್ನು ಮಾತ್ರ ಹೇಳಿಕೊಟ್ಟು, ಐದು ಸುತ್ತು ಮಾಡಿಸಿ, ಸ್ವಲ್ಪ ಹೊತ್ತು ಮಲಗಿಸಿ, ಇಪ್ಪತ್ತು ನಿಮಿಷಕ್ಕೆ ಮನೆಗೆ ಕಳಿಸಿದರು. ಅದರಲ್ಲಿ ಒಂಬತ್ತು ಎಣಿಕೆ. ಎರಡನೆಯ ಬಗೆಯಲ್ಲಿ ಹದಿನೇಳು. ಪ್ರತಿ ಎಣಿಕೆಗೆ ಒಂದು ಪೂರಕ (ಉಸಿರನ್ನು ಒಳಗೆಳೆಯುವುದು) ಅಥವಾ ಒಂದು ರೇಚಕ (ಹೊರಬಿಡುವುದು) ನಿಗದಿಯಾಗಿದೆ, ಕೊನೆಗೆ ಬರುವ ಅಧೋಮುಖ ಶ್ವಾನಾಸನದಲ್ಲಿ ಐದು ಉಸಿರಿನಷ್ಟು ಹೊತ್ತು ನಿಂತು ಮುಂದಕ್ಕೆ ಸಾಗಬೇಕು. ಒಂದು ವಾರ ಇಷ್ಟೇ ನಡೆಯಿತು. ಹಣ ಕೊಟ್ಟದ್ದಕ್ಕೆ ಪಾಠ ಸಾಲದು ಎಂದು ಆಗ ಅನಿಸಿದ್ದು ನಿಜ. ನೋಡದೆ, ನಿಲ್ಲದೆ ಎರಡೂ ಬಗೆಗಳನ್ನು ಮಾಡಿ ತೋರಿಸಿದ ದಿನ ಪಾದಾಂಗುಷ್ಠಾಸನ ಸಿಕ್ಕಿತು. ಆಮೇಲೆ ತ್ರಿಕೋಣಾಸನ, ಪಾರ್ಶ್ವಕೋನಾಸನ, ಪ್ರಸಾರಿತ ಪಾದೋತ್ತಾನಾಸನದ ನಾಲ್ಕು ಬಗೆಗಳು. ನಿಂತು ಮಾಡುವ ಆಸನಗಳು ಪೂರ್ಣವಾಗಲು ನನಗೆ ಮೂರು ತಿಂಗಳು ಹಿಡಿಯಿತು. ಹಿಂದಿನದು ಬಾಯಿಪಾಠದ ಹಾಗೆ ದೇಹಕ್ಕೆ ಕೂತ ಮೇಲೆಯೇ ಮುಂದಿನದು ಎಂಬ ನಿಯಮವನ್ನು ಅವರು ಯಾರಿಗೂ ಸಡಿಲಿಸುವುದಿಲ್ಲ. ಮಗ್ಗಿ ಕಲಿತ ನಮ್ಮ ತಲೆಮಾರಿಗೆ ಇದು ಹೊಸದೇನಲ್ಲ. ಸಂಜೆ ಮೆಟ್ರೋದಲ್ಲಿ ನಿಂತು ಬರುವಾಗ ಕಣ್ಣುಮುಚ್ಚಿ ಆ ಕ್ರಮವನ್ನು ಮನಸ್ಸಿನಲ್ಲೇ ಒಪ್ಪಿಸುವುದು ನನಗೆ ಅಭ್ಯಾಸವಾಯಿತು.

ಆ ಶಿಸ್ತಿನ ಬೆಲೆ ತಿಳಿದದ್ದು ಮಾರ್ಚ್ ತಿಂಗಳಲ್ಲಿ. ಲೆಕ್ಕಪತ್ರ ವಿಭಾಗದವರಿಗೆ ಆರ್ಥಿಕ ವರ್ಷದ ಕೊನೆ ಎಂದರೆ ರಾತ್ರಿ ಹನ್ನೊಂದಕ್ಕೆ ಮನೆ ಸೇರುವ ಕಾಲ. ಅದರ ಜೊತೆಗೆ ಅತ್ತೆಯವರನ್ನು ನಾಲ್ಕು ದಿನ ಆಸ್ಪತ್ರೆಯಲ್ಲಿ ಇರಿಸಬೇಕಾಯಿತು. ಶಾಲೆಯನ್ನು ಬಿಡುತ್ತೇನೆಂದು ಹೇಳಲು ಹೋದಾಗ ಮೇಷ್ಟ್ರು ಒಂದು ಚೀಟಿಯಲ್ಲಿ ಬರೆದುಕೊಟ್ಟರು: ಸೂರ್ಯನಮಸ್ಕಾರ ಮೂರು ಮೂರು, ಕೊನೆಯಲ್ಲಿ ಯೋಗಮುದ್ರೆ, ಪದ್ಮಾಸನ, ಉತ್ಪ್ಲುತಿ (ಪದ್ಮಾಸನದಲ್ಲೇ ಕೈಯೂರಿ ಮೈಯನ್ನು ಮೇಲೆತ್ತುವುದು), ಬಳಿಕ ಶವಾಸನ. ‘ಶಾಲೆಗೆ ಬರದಿದ್ದರೆ ಚಿಂತೆಯಿಲ್ಲ ಅಮ್ಮ, ಇದನ್ನು ಮಾತ್ರ ಬಿಡಬೇಡಿ. ಶುಲ್ಕ ಈ ತಿಂಗಳು ಬೇಡ’ ಎಂದರು. ಸೂರ್ಯನಮಸ್ಕಾರ ಮತ್ತು ಕೊನೆಯ ಮೂರು ಆಸನಗಳನ್ನಾದರೂ ಮಾಡಬೇಕೆಂಬುದು ಈ ಪರಂಪರೆಯಲ್ಲಿ ರೂಢಿಯಲ್ಲಿರುವ ಮಾತು. ಎಲ್ಲ ಸೇರಿ ಹದಿನೈದು ನಿಮಿಷ ಸಾಕು. ಕುಕ್ಕರ್ ಕೂಗುವ ಮುಂಚೆ, ಹಜಾರದ ಸೋಫಾವನ್ನು ಗೋಡೆಗೆ ಸರಿಸಿ, ಆ ತಿಂಗಳಲ್ಲಿ ಇಪ್ಪತ್ತೆರಡು ದಿನ ಮಾಡಿದೆ. ಆಸ್ಪತ್ರೆಯಲ್ಲಿ ರಾತ್ರಿ ಉಳಿದ ದಿನಗಳಂದು ಕುರ್ಚಿಯಲ್ಲಿ ಕುಳಿತು ಉಸಿರಾಟವನ್ನಷ್ಟೇ ನಡೆಸಿದೆ. ಏಪ್ರಿಲ್‌ನಲ್ಲಿ ಶಾಲೆಗೆ ಮರಳಿದಾಗ ಮೊದಲಿನಿಂದ ಶುರುಮಾಡುವ ಅಗತ್ಯ ಬೀಳಲಿಲ್ಲ. ತನ್ನ ಬಳಿಗೆ ಬರಲಾಗದ ವಿದ್ಯಾರ್ಥಿಯ ಅಭ್ಯಾಸವನ್ನೂ ಕಾಪಾಡುವ ಶಿಕ್ಷಕರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ರಜೆಯ ಕ್ರಮವೂ ಸಂಸಾರಸ್ಥರಿಗೆ ಹೊಂದುತ್ತದೆ. ಶನಿವಾರ ಅಭ್ಯಾಸವಿಲ್ಲ, ಎಣ್ಣೆನೀರು ಹಾಕಿಕೊಳ್ಳಲು, ಮನೆ ಒರೆಸಲು ಆ ಬೆಳಗು ಸಿಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳಂದು ರಜೆ. ಮುಟ್ಟಿನ ಮೊದಲ ಮೂರು ದಿನ ವಿಶ್ರಾಂತಿ ಪಡೆಯುವಂತೆ ಮೇಷ್ಟ್ರ ಹೆಂಡತಿ ಹೊಸದಾಗಿ ಸೇರಿದ ಹೆಣ್ಣುಮಕ್ಕಳಿಗೆ ಖುದ್ದಾಗಿ ಹೇಳುತ್ತಾರೆ. ಬಿಡುವು ಕ್ರಮದ ಭಾಗವೇ ಆಗಿರುವುದರಿಂದ, ಒಂದು ದಿನ ತಪ್ಪಿತಲ್ಲಾ ಎಂಬ ಅಳುಕಿನಲ್ಲಿ ಇಡೀ ವಾರವನ್ನೇ ಕಳೆದುಕೊಳ್ಳುವ ನನ್ನ ಹಳೆಯ ರೋಗ ತಾನಾಗಿ ಹೋಯಿತು.

ಇನ್ನು ಕೊರತೆಗಳು. ಮೊದಲನೆಯದು ಮಂಡಿಯ ವಿಷಯ. ನಾವು ಕಲಿಯುವ ಆಸನಗಳ ಸರಣಿಯಲ್ಲಿ ಅರ್ಧಪದ್ಮ ಹಾಕುವ ಆಸನಗಳು ಬೇಗನೇ ಬರುತ್ತವೆ. ಸೊಂಟದ ಕೀಲು ತೆರೆಯದೆ ಪಾದವನ್ನು ಎಳೆದು ತೊಡೆಯ ಮೇಲಿಟ್ಟರೆ ಆ ತಿರುಚು ಪೂರ್ತಿಯಾಗಿ ಮಂಡಿಯ ಮೇಲೆ ಬೀಳುತ್ತದೆ. ಆರನೆಯ ತಿಂಗಳಲ್ಲಿ ನನಗೆ ಎಡ ಮಂಡಿಯ ಒಳಬದಿ ನೋವು ಬಂತು. ಆ ದಿನ ಕೋಣೆ ತುಂಬಿತ್ತು, ಮೇಷ್ಟ್ರು ನನ್ನ ಕಡೆ ನೋಡಿರಲಿಲ್ಲ, ನಾನೂ ಬಾಯಿ ಬಿಟ್ಟು ಹೇಳಲಿಲ್ಲ. ತಿಳಿದ ಮೇಲೆ ಅವರು ಎರಡು ತಿಂಗಳು ಪದ್ಮಾಸನದ ಬದಲು ಸುಖಾಸನ ಮಾಡಿಸಿದರು, ನೋವು ಹೋಯಿತು. ಆದರೆ ಆರರಿಂದ ಏಳರ ನಡುವೆ ಹದಿನಾರು ಜನರನ್ನು ಒಬ್ಬರೇ ಗಮನಿಸುವುದು ಆಗದ ಮಾತು. ಸಹಾಯಕ್ಕೆ ಇನ್ನೊಬ್ಬರು ಬೇಕೇ ಬೇಕು. ರಕ್ತದೊತ್ತಡ, ಕುತ್ತಿಗೆ ಅಥವಾ ಬೆನ್ನುಮೂಳೆಯ ತೊಂದರೆ, ಕಣ್ಣಿನ ಗ್ಲಾಕೋಮಾ ಇರುವವರು ವೈದ್ಯರನ್ನು ಕೇಳಿಯೇ ಸೇರಬೇಕು. ಸರ್ವಾಂಗಾಸನ, ಶೀರ್ಷಾಸನಗಳು ಕ್ರಮದ ಕೊನೆಯಲ್ಲಿ ಪ್ರತಿದಿನ ಇರುತ್ತವೆ, ಅವುಗಳನ್ನು ಅಂಥವರು ಬಿಡಬೇಕಾಗುತ್ತದೆ. ಸೇರುವಾಗ ಮೇಷ್ಟ್ರು ಕೇಳುತ್ತಾರೆ. ನಾವೂ ಮರೆಮಾಡದೆ ಹೇಳಬೇಕು.

ಸಂಜೆ ತರಗತಿಯಿಲ್ಲ. ಬಟ್ಟೆ ಬದಲಾಯಿಸಲು ಒಂದೇ ಚಿಕ್ಕ ಕೋಣೆ. ಕಾರು ನಿಲ್ಲಿಸಲು ಜಾಗವಿಲ್ಲ, ಸ್ಕೂಟರಿಗೆ ಪರದಾಟ. ನಾನು ಜಯನಗರ ನಿಲ್ದಾಣದಿಂದ ಮೆಟ್ರೋದ ಹಸಿರು ಮಾರ್ಗದಲ್ಲಿ ಮೂರನೆಯ ನಿಲ್ದಾಣವಾದ ನ್ಯಾಷನಲ್ ಕಾಲೇಜಿನಲ್ಲಿ ಇಳಿದು ನಡೆದುಹೋಗುತ್ತೇನೆ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗ ಆರಂಭವಾದ ಮೇಲೆ, ಎಲೆಕ್ಟ್ರಾನಿಕ್ ಸಿಟಿಯ ಕೆಲಸಕ್ಕೆ ಹೋಗಿಬರುವಾಗ ಸಿಲ್ಕ್ ಬೋರ್ಡ್ ವೃತ್ತದಲ್ಲಿ ಬಸ್ಸಿನಲ್ಲಿ ಕಾಯುತ್ತಿದ್ದ ಹೊತ್ತು ಉಳಿಯಿತು. ಆ ಉಳಿದ ಹೊತ್ತಿನಲ್ಲಿಯೇ ನನ್ನ ಕುಳಿತು ಮಾಡುವ ಆಸನಗಳು ನಡೆಯುತ್ತಿವೆ. ಪ್ರಾಣಾಯಾಮವನ್ನು ಮೊದಲ ವರ್ಷ ಕಲಿಸುವುದಿಲ್ಲ, ಅದಕ್ಕಾಗಿಯೇ ಬರುವವರಿಗೆ ಇದು ತಕ್ಕ ಸ್ಥಳವಲ್ಲ. ತಿಂಗಳ ಶುಲ್ಕ 2,800 ರೂಪಾಯಿ, ಮುಂಗಡವಿಲ್ಲ. ರಬ್ಬರ್ ಮ್ಯಾಟಿನ ಮೇಲೆ ಹಾಸಲು ಹತ್ತಿಯ ಜಮಖಾನವನ್ನು ನಾವೇ ತರಬೇಕು. ಬೆವರಿದಾಗ ರಬ್ಬರಿಗಿಂತ ಹತ್ತಿಯೇ ಮೇಲು, ಮನೆಯಲ್ಲಿ ಒಗೆದು ಒಣಹಾಕಬಹುದು.

ಸದ್ಯ ನಾನು ಕುಳಿತು ಬೆನ್ನು ತಿರುಗಿಸುವ ಮರೀಚ್ಯಾಸನದ ಮೂರನೆಯ ಬಗೆಗೆ ಬಂದು ತಲುಪಿದ್ದೇನೆ. ಬೆನ್ನ ಹಿಂದೆ ಕೈಗಳು ಸೇರಲು ಇನ್ನೂ ನಾಲ್ಕು ಬೆರಳಿನ ಅಂತರವಿದೆ, ಮುಂದಿನ ಆಸನ ಸಿಕ್ಕಿಲ್ಲ. ವಾರದಲ್ಲಿ ಮೂರು ದಿನ ಶಾಲೆಯಲ್ಲಿ, ಎರಡು ಅಥವಾ ಮೂರು ದಿನ ಮನೆಯ ಹಜಾರದಲ್ಲಿ ಅಭ್ಯಾಸ ನಡೆಯುತ್ತದೆ. ಎಂಟು ವರ್ಷಗಳಲ್ಲಿ ಸತತವಾಗಿ ಎರಡು ತಿಂಗಳೂ ಅಭ್ಯಾಸ ಉಳಿಸಿಕೊಳ್ಳದಿದ್ದ ನನಗೆ ಇದು ದೊಡ್ಡ ಸಂಪಾದನೆ.

ತಮ್ಮ ಬಡಾವಣೆಯಲ್ಲಿ ಇಂಥ ಶಾಲೆಯನ್ನು ಹುಡುಕುವವರು ಸೇರುವ ಮೊದಲು ಒಂದು ಬೆಳಿಗ್ಗೆ ಕುಳಿತು ನೋಡಬೇಕು. ಯಾರೂ ಹೇಳದೆಯೇ ವಿದ್ಯಾರ್ಥಿಗಳು ಒಂದು ಆಸನದಿಂದ ಇನ್ನೊಂದಕ್ಕೆ ಸಾಗುತ್ತಿದ್ದಾರೆಯೇ, ಹೊಸಬರ ಬಳಿ ಶಿಕ್ಷಕರು ಎಷ್ಟು ಹೊತ್ತು ನಿಲ್ಲುತ್ತಾರೆ ಎಂಬುದನ್ನು ಗಮನಿಸಬೇಕು. ಹೊರಡುವ ಮುನ್ನ, ಬರಲಾಗದ ದಿನ ಮನೆಯಲ್ಲಿ ಏನು ಮಾಡಲಿ ಎಂದು ಅವರನ್ನೇ ಕೇಳಬೇಕು. ನಮ್ಮ ಶಾಲೆಯಲ್ಲಿ ಹಾಗೆ ನೋಡಲು ಬಂದವರಿಗಾಗಿ ಕಿಟಕಿಯ ಪಕ್ಕದಲ್ಲಿ ಒಂದು ಚಾಪೆ ಹಾಸಿರುತ್ತದೆ. ಹದಿನಾಲ್ಕು ತಿಂಗಳ ಹಿಂದೆ ನಾನು ಅದರ ಮೇಲೆ ಕುಳಿತು ಇದೇ ಪ್ರಶ್ನೆ ಕೇಳಿದಾಗ, ಮೇಷ್ಟ್ರು ನನ್ನ ಮನೆಯ ಹಜಾರ ಎಷ್ಟು ಅಡಿ ಉದ್ದವಿದೆ ಎಂದು ವಿಚಾರಿಸಿದ್ದರು.