ಪಿಸ್ಟನ್ ಕೈಗೆ ಬರುವ ಮುಂಚೆ ಬ್ಲಾಕ್ ಬೋರ್ ಮಾಡಿಸಬೇಡಿ

ಹಳೆ ಕಾರು ಎಬ್ಬಿಸುವ ಹುಚ್ಚು ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಬಿದ್ದ ಪೆಟ್ಟು 25 ಸಾವಿರ ರೂಪಾಯಿ, ಜೊತೆಗೆ ಐದು ತಿಂಗಳು. ಅದರಲ್ಲಿ ಅರ್ಧ ತಪ್ಪು ನನ್ನದೇ. ಅದನ್ನೂ ಹೇಳಿಬಿಡುತ್ತೇನೆ.

ಕಾರು ನಮ್ಮ ದೊಡ್ಡಪ್ಪನದು. 1972ರ ಅಂಬಾಸಿಡರ್, ಮಾರ್ಕ್ 2. ಮುಂದೆ ಚದುರಂಗದ ಹಾಸಿನ ಹಾಗೆ ಚೌಕ ಚೌಕ ಗ್ರಿಲ್ ಇರುತ್ತದಲ್ಲ, ಅದೇ. ಬಳ್ಳಾರಿ ಕೌಲ್ ಬಜಾರಿನ ಮನೆ ಹಿಂದೆ ತಗಡಿನ ಶೆಡ್ಡಿನಲ್ಲಿ 14 ವರ್ಷ ನಿಂತಿತ್ತು. ನಮ್ಮೂರ ಬಿಸಿಲಿಗೆ ಬಾಗಿಲ ರಬ್ಬರೆಲ್ಲ ಹಪ್ಪಳ ಆಗಿತ್ತು. ಆದರೆ ತಳಕ್ಕೆ ತುಕ್ಕು ಹಿಡಿದಿರಲಿಲ್ಲ. ಒಣ ಹವೆಯ ಊರಿನಲ್ಲಿ ಹಳೆ ಕಾರಿಗೆ ಇದೊಂದು ಪುಣ್ಯ.

ಎಂಜಿನ್ ಬಿಚ್ಚಿದಾಗ ಬೋರ್, ಅಂದರೆ ಬ್ಲಾಕಿನಲ್ಲಿ ಪಿಸ್ಟನ್ ಮೇಲೆ ಕೆಳಗೆ ಆಡುವ ಕೊಳವೆ, ಸವೆದು, ಮೇಲ್ತುದಿಯಲ್ಲಿ ಮೆಟ್ಟಿಲು ಬಿದ್ದಿತ್ತು. ಸವರಿದರೆ ಉಗುರು ಸಿಕ್ಕಿಕೊಳ್ಳುತ್ತಿತ್ತು. 1489 ಸಿಸಿಯ ಪೆಟ್ರೋಲ್ ಎಂಜಿನ್, ಮೂಲದಲ್ಲಿ ಇಂಗ್ಲೆಂಡಿನ ಬಿಎಂಸಿ ಕಂಪನಿಯದು. ಹೊಸದರಲ್ಲಿ ಇದರ ಬೋರ್ 73 ಮಿಲಿಮೀಟರ್ ಚಿಲ್ಲರೆ. ಹಿಂದೆ ಯಾರೋ ಒಮ್ಮೆ ಬೋರ್ ಮಾಡಿಸಿದ್ದರು, ಅಂದರೆ ಆ ಕೊಳವೆಯನ್ನು ಕೊರೆದು ಅಗಲ ಮಾಡಿಸಿದ್ದರು. ಲೇತ್ ಮೇಸ್ತ್ರಿ ಅಳೆದು ನೋಡಿ, "ಸಾರ್, 40 ಓವರ್‌ಸೈಜಿಗೆ ಹೋಗಬೇಕು" ಅಂದರು. 40 ಅಂದರೆ ಇಂಚಿನ ಸಾವಿರ ಭಾಗದಲ್ಲಿ 40. ಒಂದು ಮಿಲಿಮೀಟರಿಗಿಂತ ಕೂದಲೆಳೆಯಷ್ಟು ಜಾಸ್ತಿ. ಬೋರ್ ಅಷ್ಟು ಅಗಲವಾದರೆ ಪಿಸ್ಟನ್ನೂ ಅಷ್ಟೇ ದೊಡ್ಡದು ಬೇಕು.

ಬಳ್ಳಾರಿಯಲ್ಲಿ ಲಾರಿ ಸಾಮಾನು ಬೇಕಾದರೆ ಕೇಳಿದ್ದು ಸಿಗುತ್ತದೆ. ಅದೆಲ್ಲ ಗಣಿ ಲಾರಿಗಳ ಕೃಪೆ. ಅಂಬಾಸಿಡರ್ ಪಿಸ್ಟನ್ ಅಂದರೆ ಅಂಗಡಿಯವರು ನಗುತ್ತಾರೆ. ಅಂಬಾಸಿಡರ್ ತಯಾರಾಗುತ್ತಿದ್ದ ಪಶ್ಚಿಮ ಬಂಗಾಳದ ಉತ್ತರಪಾರಾ ಫ್ಯಾಕ್ಟರಿ 2014ರಲ್ಲೇ ನಿಂತುಹೋಯಿತು. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಒಂದು ದಿನವೆಲ್ಲ ಅಲೆದೆ, 40 ಸಿಗಲಿಲ್ಲ. ಆಮೇಲೆ ಮೊಬೈಲಿನಲ್ಲಿ ಹುಡುಕುವಾಗ ಒಬ್ಬ ಸಿಕ್ಕ. ಹಳೆ ಸ್ಟಾಕು, ಸೀಲ್ ಒಡೆದಿಲ್ಲ, ನಾಲ್ಕರ ಸೆಟ್ 9,500 ಅಂದ. ಫೋಟೋದಲ್ಲಿ ಡಬ್ಬಿ ಮೇಲೆ 040 ಅಂತ ಚೆನ್ನಾಗಿ ಕಾಣುತ್ತಿತ್ತು. "ಅಣ್ಣಾ, ಇನ್ನೊಬ್ರು ಕೇಳ್ತಾ ಇದ್ದಾರೆ, ನಿಮಗೋಸ್ಕರ ಎತ್ತಿಟ್ಟಿದ್ದೀನಿ" ಅಂದ. ಪೂರ್ತಿ ದುಡ್ಡು ಫೋನ್‌ನಲ್ಲೇ ಕಳಿಸಿದೆ. ಅವನ ಮಾತು ಕೇಳಿ ಬ್ರೇಕಿನ ರಬ್ಬರ್ ಕಿಟ್ಟು, ಇಂಚಿನ ಅಳತೆಯ ಪಾನಾ ಸೆಟ್ಟೊಂದನ್ನು ಕೂಡ ತಗೊಂಡೆ.

ಈಗ ನನ್ನ ತಪ್ಪು. ಪಾರ್ಸಲ್ ಬರುವುದಕ್ಕೆ ಇನ್ನೂ ಎಂಟು ದಿನ ಇತ್ತು. ಯುಗಾದಿಗೆ ಕಾರು ಓಡಬೇಕು ಅಂತ ನನಗೆ ಅವಸರ. ಬ್ಲಾಕನ್ನು ಲೇತಿಗೆ ಒಯ್ದೆ.

"ಪಿಸ್ಟನ್ ತಂದಿದ್ದೀರಾ ಸಾರ್?"

"ದಾರಿಯಲ್ಲಿದೆ ಮೇಸ್ತ್ರಿ. 40 ಅಂತ ಗ್ಯಾರಂಟಿ ಇದೆ. ನೀವು ಕೊರೀರಿ."

ಅವರು ಒಂದು ಕ್ಷಣ ಸುಮ್ಮನಿದ್ದರು. "ಪಿಸ್ಟನ್ ಅಳೆದು ಬೋರ್ ಮಾಡೋದು ಪದ್ಧತಿ ಸಾರ್. ನೀವು ಹೇಳ್ತೀರಿ ಅಂತ ಮಾಡ್ತೀನಿ" ಅಂದರು. ಮಾಡಿಕೊಟ್ಟರು, 3,000 ತಗೊಂಡರು. ಅವರದ್ದೇನೂ ತಪ್ಪಿಲ್ಲ.

ಪಾರ್ಸಲ್ ಬಂತು. ಡಬ್ಬಿ ಹಿಡಿದಾಗ 040ರ ಚೀಟಿಯ ಮೂಲೆ ಎದ್ದಿತ್ತು. ಉಗುರಿನಿಂದ ಎಬ್ಬಿಸಿದೆ. ಅಡಿಯಲ್ಲಿ ಇನ್ನೊಂದು ಚೀಟಿ, ಹಳದಿ ಬಣ್ಣಕ್ಕೆ ತಿರುಗಿದ್ದು. ಅದರಲ್ಲಿ 030. ಪಿಸ್ಟನ್ ತಲೆ ನೋಡಿದರೆ ಎರಡರಲ್ಲಿ 040 ಅಚ್ಚು ಸ್ಪಷ್ಟ. ಉಳಿದೆರಡರಲ್ಲಿ ಅಚ್ಚು ಇರಬೇಕಾದ ಜಾಗವನ್ನು ಎಮರಿ ಕಾಗದದಲ್ಲಿ ಉಜ್ಜಿ ಹೊಳಪು ಮಾಡಿದ್ದರು. ಮೇಸ್ತ್ರಿ ಮೈಕ್ರೋಮೀಟರ್ ಹಿಡಿದರು. ಎರಡು ಸರಿ. ಇನ್ನೆರಡು ಕಾಲು ಮಿಲಿಮೀಟರ್ ಸಣ್ಣವು. ಕೊರೆದ ಬೋರಿನೊಳಗೆ ಬಿಟ್ಟರೆ ಲೊಟ ಲೊಟ ಅನ್ನುತ್ತಿದ್ದವು.

ಕೊರೆದದ್ದನ್ನು ತುಂಬಲಿಕ್ಕೆ ಆಗುವುದಿಲ್ಲ. 40ರ ಬೇರೆ ಪಿಸ್ಟನ್ ಸಿಗದಿದ್ದಾಗ ಇದ್ದ ದಾರಿ ಒಂದೇ, ನಾಲ್ಕೂ ಬೋರಿಗೆ ಲೈನರ್, ಅಂದರೆ ಒಳಗೆ ಕೂರಿಸುವ ಲೋಹದ ಕೊಳವೆ, ಒತ್ತಿಸಿ ಮತ್ತೆ ಸ್ಟ್ಯಾಂಡರ್ಡ್ ಅಳತೆಗೆ ತರುವುದು. ಅದಕ್ಕೆ ಇನ್ನೂ 8,500. ಮಾರಿದವನಿಗೆ ಫೋನ್ ಮಾಡಿದರೆ, "ಡಬ್ಬಿ ಒಡೆದ್ರೆ ವಾಪಸ್ ಇಲ್ಲ ಅಣ್ಣಾ" ಅಂದ. ಡಬ್ಬಿ ಒಡೆಯದೆ ಅಳೆಯುವುದು ಹೇಗೋ ಅವನೇ ಹೇಳಬೇಕು. ಮೂರನೇ ಫೋನಿಗೆ ನಂಬರ್ ಬ್ಲಾಕ್ ಆಗಿತ್ತು.

ಬ್ರೇಕಿನ ಕಿಟ್ 1,800. ಚಕ್ರದ ಬ್ರೇಕ್ ಒತ್ತುವ ವೀಲ್ ಸಿಲಿಂಡರಿನ ರಬ್ಬರ್ ಬಟ್ಟಲನ್ನು ಬೆರಳಲ್ಲಿ ಮಡಚಿ ನೋಡಿದೆ. ಅಂಚಿನಲ್ಲಿ ಸಣ್ಣ ಸಣ್ಣ ಬಿರುಕು, ಬಾಡಿದ ಬದನೆಕಾಯಿ ಸಿಪ್ಪೆಯ ಹಾಗೆ. ಲೋಹದ ಸಾಮಾನಿಗೆ 'ಹಳೆ ಸ್ಟಾಕು' ಅನ್ನುವುದು ಒಳ್ಳೆಯ ಮಾತು. ರಬ್ಬರಿಗೆ ಅಲ್ಲ. ರಬ್ಬರ್ ಡಬ್ಬಿಯೊಳಗೆ ಕೂತೇ ಮುದಿಯಾಗುತ್ತದೆ. ಎಂಜಿನ್ ಕೆಟ್ಟರೆ ಕಾರು ನಿಲ್ಲುತ್ತದೆ, ಬ್ರೇಕ್ ರಬ್ಬರ್ ಹರಿದರೆ ಕಾರು ನಿಲ್ಲುವುದೇ ಇಲ್ಲ. ಇದೊಂದನ್ನು ಮಾತ್ರ ಹಳೆ ಸ್ಟಾಕಿನಲ್ಲಿ ಯಾರೂ ತಗೋಬೇಡಿ.

ಪಾನಾ ಸೆಟ್ 2,200. ಹಳೆ ಅಂಬಾಸಿಡರಿನ ಬೋಲ್ಟುಗಳೆಲ್ಲ ಇಂಚಿನ ಅಳತೆಯವು. ಫಿಯಟ್ ಇಟ್ಟುಕೊಂಡವರಿಗೆ ಈ ತಲೆನೋವಿಲ್ಲ, ಅದು ಮಿಲಿಮೀಟರಿನ ಕಾರು. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. ನನಗೆ ಬಂದ ಪಾನಾ ಮೇಲೆ 1/2 ಅಂತ ಅಚ್ಚಿತ್ತು. ಬಾಯಿಗೆ ವರ್ನಿಯರ್ ಇಟ್ಟರೆ 13ಕ್ಕಿಂತ ಜಾಸ್ತಿ. ಬಲ ಹಾಕಿದ ಮೊದಲ ನಟ್ಟೇ ಮೂಲೆ ಸವೆದು ಗುಂಡಗಾಯಿತು. ಅದನ್ನು ಉಳಿ ಹಚ್ಚಿ ಒಡೆದು ತೆಗೆಯಬೇಕಾಯಿತು.

ಇನ್ನೊಂದು ವಿಷಯ, ನಾನು ಇದರಲ್ಲಿ ಬೀಳಲಿಲ್ಲ, ಸ್ವಲ್ಪದರಲ್ಲಿ ತಪ್ಪಿತು. ಅಂಬಾಸಿಡರಿನ ಹಳೆ ಡೀಸೆಲ್ ಎಂಜಿನ್ ಕೂಡ 1489 ಸಿಸಿಯೇ, ಬೋರ್ ಅಳತೆಯೂ ಅದೇ. ಪಿಸ್ಟನ್ ಮಾತ್ರ ಬೇರೆ. 'ಅಂಬಾಸಿಡರ್ 1489' ಅಂತ ಅಷ್ಟೇ ಬರೆದಿದ್ದರೆ ಪೆಟ್ರೋಲೋ ಡೀಸೆಲ್ಲೋ ಕೇಳಿ. ಪಿಸ್ಟನ್ ತಲೆಯ ಫೋಟೋ ತರಿಸಿ.

ಈಗ ನಾನು ದುಡ್ಡು ಕಳಿಸುವ ಮುಂಚೆ ವಿಡಿಯೋ ಕಾಲ್ ಮಾಡಿಸುತ್ತೇನೆ. ಡಬ್ಬಿ ಒಡೆದು, ಒಂದೊಂದೇ ಪಿಸ್ಟನ್ ಹೊರಗೆ ತೆಗೆದು, ನನ್ನೆದುರಿಗೇ ಅಳೆಯಬೇಕು. ತಲೆ ಹತ್ತಿರ ಅಳೆದು ತೋರಿಸಿದರೆ ಒಪ್ಪಬೇಡಿ, ಅಲ್ಲಿ ಅಳತೆ ಕಮ್ಮಿಯೇ ಇರುತ್ತದೆ. ಕೆಳಗಿನ ಸ್ಕರ್ಟಿನಲ್ಲಿ, ಅಂದರೆ ಪಿಸ್ಟನ್ನಿನ ಕೆಳಭಾಗದ ಗೋಡೆಯಲ್ಲಿ, ಪಿನ್ನಿಗೆ ಅಡ್ಡವಾಗಿ ಅಳೆಯಬೇಕು. ಇಷ್ಟು ಕೇಳಿದ ಕೂಡಲೇ ಇಬ್ಬರು ಫೋನ್ ಇಟ್ಟರು. ಒಳ್ಳೆಯದೇ ಆಯಿತು. ದುಡ್ಡು ತಗೊಂಡು ಸಾಮಾನನ್ನೇ ಕಳಿಸದವನು ಸಿಕ್ಕರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನನ್ನದು ಆ ಲೆಕ್ಕಕ್ಕೆ ಬರಲಿಲ್ಲ, ಸಾಮಾನು ಬಂದಿತ್ತಲ್ಲ.

ಕೊನೆಗೆ ಸ್ಟ್ಯಾಂಡರ್ಡ್ ಸೆಟ್ ಸಿಕ್ಕಿದ್ದು ಕೋಲ್ಕತ್ತಾದ ಮಲ್ಲಿಕ್ ಬಜಾರಿನಲ್ಲಿ. ನಮ್ಮ ಭಾವ ಅಲ್ಲಿ ರೈಲ್ವೆ ಕೆಲಸದಲ್ಲಿದ್ದಾರೆ. ಅಂಗಡಿಯಲ್ಲೇ ನಿಂತು ವರ್ನಿಯರ್ ಹಿಡಿದು ತೋರಿಸಿದರು. ಅಂಗಡಿಯವನೇ ತಕ್ಕಡಿ ತಂದು ನಾಲ್ಕರ ತೂಕವನ್ನೂ ನೋಡಿದನಂತೆ, ಇವರು ಕೇಳದೇ ಇದ್ದರೂ. ಬ್ಲಾಕ್ ಇನ್ನೂ ಲೇತಿನಲ್ಲಿದೆ. ಯುಗಾದಿ ಹೋಯಿತು, ಈಗ ದಸರಾ ಅನ್ನುತ್ತಿದ್ದೇನೆ.

ಆ ಹಳೆ ನಾಲ್ಕು ಪಿಸ್ಟನ್ ದೊಡ್ಡಮ್ಮನ ಕೈ ಸೇರಿವೆ. ಮಾಳಿಗೆ ಮೇಲೆ ಸಂಡಿಗೆ ಇಟ್ಟಾಗ ಸೀರೆ ಹಾರದ ಹಾಗೆ ನಾಲ್ಕು ಮೂಲೆಗೆ ಇಡುತ್ತಾರೆ. ಅಲ್ಲಿ 30ಕ್ಕೂ 40ಕ್ಕೂ ವ್ಯತ್ಯಾಸ ಇಲ್ಲ.