ಪಿಜಿಬ್ಯಾಡ್ಜರ್: ಅಡಿಕೆ ಅಂಗಡಿಯ ಸರ್ವರ್‌ಗೆ ಹಾಕಿ ನೋಡಿದ್ದು

ಶಿರಸಿಯ ಒಂದು ಅಡಿಕೆ ದಲಾಲಿ ಅಂಗಡಿಯ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಸರ್ವರ್ ಅಂದ್ರೆ ದೊಡ್ಡದೇನಲ್ಲ. ಕ್ಯಾಷ್ ಕೌಂಟರಿನ ಹಿಂದಿನ ಕೋಣೆಯಲ್ಲಿ ಯುಪಿಎಸ್ ಪಕ್ಕ ಕೂತಿರುವ ಉಬುಂಟು ಕಂಪ್ಯೂಟರ್, ಅದರೊಳಗೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್. ರೈತರ ಖಾತೆ, ರಾಶಿ, ಚಾಲಿ, ಬೆಟ್ಟೆ ಅಂತ ಲಾಟುಗಳು, ತೂಕ, ಟೆಂಡರ್ ದರ, ಮುಂಗಡ ಎಲ್ಲ ಅದರಲ್ಲೇ. ಟೆಂಡರ್ ಮುಗಿದು ದರ ಬಂತು ಅಂದ್ರೆ ಸಾಕು, ಎಲ್ಲ ಕಂಪ್ಯೂಟರೂ ಒಟ್ಟಿಗೇ ನಿಧಾನ. ಕೌಂಟರಿನ ಆಚೆ ರೈತರು, "ಎಂತ ಮಾರಾಯ, ಇನ್ನೂ ಪಟ್ಟಿ ಆಗಿಲ್ವಾ?" ಅಂತ ಕಾಯುತ್ತಿರುತ್ತಾರೆ.

ಅಂಗಡಿಯಲ್ಲಿ ಎಲ್ಲರ ಅನುಮಾನವೂ ಒಂದೇ ಕಡೆ: ತಿಂಗಳ ಲೆಕ್ಕದ ರಿಪೋರ್ಟ್. ಅದು ಬರಲು ನಿಜಕ್ಕೂ ಹೊತ್ತು ಹಿಡಿಯುತ್ತದೆ, ಕಣ್ಣಿಗೆ ಕಾಣುತ್ತದೆ. ಹೊಸ ಸರ್ವರ್ ತಗೊಳ್ಳೋಣ ಅನ್ನುವವರೆಗೂ ಮಾತು ಹೋಗಿತ್ತು. ದುಡ್ಡು ಹಾಕುವ ಮೊದಲು ಡೇಟಾಬೇಸ್ ಇಡೀ ದಿನ ಏನು ಮಾಡುತ್ತದೆ ಅಂತ ನೋಡೋಣ ಎಂದು ಪಿಜಿಬ್ಯಾಡ್ಜರ್ ಹಾಕಿದೆ.

ಇದು ಜಿಲ್ ಡಾರೋಲ್ಡ್ ಎಂಬುವರು ಪರ್ಲ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ. ಉಚಿತ. ಡೇಟಾಬೇಸ್‌ಗೆ ಕೈಯೇ ಹಾಕುವುದಿಲ್ಲ, ಪೋಸ್ಟ್‌ಗ್ರೆಸ್ ತನ್ನ ಕೆಲಸದ ಬಗ್ಗೆ ಬರೆದಿಟ್ಟ ಲಾಗ್ ಫೈಲ್ ಓದಿ ಒಂದು ಎಚ್‌ಟಿಎಂಎಲ್ ಪುಟ ಮಾಡಿಕೊಡುತ್ತದೆ, ಅಷ್ಟೇ. ಗ್ರಾಫು, ಟೇಬಲ್ಲು ಎಲ್ಲ ಆ ಒಂದೇ ಫೈಲಿನೊಳಗೆ. ನೋಡಲು ಇಂಟರ್ನೆಟ್ ಬೇಡ. ಮಳೆಗಾಲದಲ್ಲಿ ಇಲ್ಲಿನ ನೆಟ್ಟನ್ನು ನಂಬಿ ಕೂತವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಆನ್‌ಲೈನ್ ಮಾನಿಟರಿಂಗ್ ಸರ್ವಿಸ್‌ಗಳು ನೋಡಲು ಚಂದ, ಆದ್ರೆ ತಿಂಗಳು ತಿಂಗಳು ಕಟ್ಟಬೇಕು, ಜೊತೆಗೆ ನೆಟ್ ಇರಲೇಬೇಕು.

ಅದು ಓದಬೇಕಾದರೆ ಲಾಗ್‌ನಲ್ಲಿ ಏನಾದರೂ ಇರಬೇಕಲ್ವಾ? ಪೋಸ್ಟ್‌ಗ್ರೆಸ್ ತಾನಾಗಿ ಕ್ವೆರಿಗಳ (ಡೇಟಾಬೇಸ್‌ಗೆ ಹೋಗುವ ಪ್ರಶ್ನೆಗಳ) ಸಮಯ ಬರೆಯುವುದಿಲ್ಲ. 'ಲಾಗ್ ಮಿನ್ ಡ್ಯುರೇಶನ್ ಸ್ಟೇಟ್‌ಮೆಂಟ್' ಎಂಬ ಸೆಟ್ಟಿಂಗ್ ಮೊದಲಿಗೆ -1 ಇರುತ್ತದೆ, ಅಂದ್ರೆ ಆಫ್. ಅಲ್ಲಿ 1000 (ಮಿಲಿಸೆಕೆಂಡ್) ಹಾಕಿದರೆ ಒಂದು ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದ ಕ್ವೆರಿ ಮಾತ್ರ ಲಾಗ್‌ಗೆ ಬರುತ್ತದೆ. 0 ಹಾಕಿದರೆ ಎಲ್ಲವೂ. ಸರ್ವರ್ ನಿಲ್ಲಿಸುವುದು ಬೇಡ, ರೀಲೋಡ್ ಮಾಡಿದರೆ ಸಾಕು. ಹೆಚ್ಚಿನವರು 1000 ಹಾಕಿ ಸುಮ್ಮನಾಗುತ್ತಾರೆ. ನಮ್ಮಲ್ಲಿ ಹಾಗೆ ಮಾಡಿದ್ದರೆ ತಿಂಗಳ ರಿಪೋರ್ಟೇ ಕಳ್ಳ ಅಂತ ತೀರ್ಮಾನ ಆಗಿಬಿಡುತ್ತಿತ್ತು. ನಾನು ಟೆಂಡರ್ ಇರುವ ದಿನ, ಮಧ್ಯಾಹ್ನದ ಗಡಿಬಿಡಿಯ ಹೊತ್ತಿಗೆ ಮಾತ್ರ 0 ಇಟ್ಟೆ.

ವರದಿಯಲ್ಲಿ 'ಟಾಪ್' ಅಂತ ಒಂದು ಮೆನು ಇದೆ. ಅದರಲ್ಲಿ ಅತಿ ನಿಧಾನದ ಕ್ವೆರಿಗಳ ಪುಟಕ್ಕೆ ಎಲ್ಲರೂ ಮೊದಲು ಹೋಗುತ್ತಾರೆ. ನನ್ನ ಸಲಹೆ, 'ಟೈಮ್ ಕನ್ಸ್ಯೂಮಿಂಗ್' ಪುಟಕ್ಕೆ ಮೊದಲು ಹೋಗಿ. ಖಾತೆ ನಂಬರ್, ತಾರೀಕು ಮುಂತಾದ ವಿವರಗಳನ್ನು ತೆಗೆದು, ಒಂದೇ ರೂಪದ ಕ್ವೆರಿಗಳನ್ನು ಅಲ್ಲಿ ಗುಂಪು ಮಾಡಿರುತ್ತಾರೆ. ಎಷ್ಟು ಸಲ ಓಡಿತು, ಒಟ್ಟು ಎಷ್ಟು ಹೊತ್ತು ತಿಂದಿತು ಅಂತ ಲೆಕ್ಕ ಸಿಗುತ್ತದೆ. ನಮ್ಮ ವರದಿಯಲ್ಲಿ ಮೊದಲ ಸಾಲಿಗೆ ಬಂದದ್ದು ಖಾತೆ ನಂಬರ್ ಕೊಟ್ಟರೆ ರೈತರ ಹೆಸರು ತರುವ ಒಂದು ಚಿಕ್ಕ ಕ್ವೆರಿ! ಸಲಕ್ಕೆ ಸುಮಾರು 15 ಮಿಲಿಸೆಕೆಂಡ್. ಆದರೆ ಆ ದಿನದ ಲಾಟುಗಳ ಪರದೆ ಪ್ರತಿ ಸಾಲಿಗೂ ಅದನ್ನು ಬೇರೆ ಬೇರೆಯಾಗಿ ಕೇಳುತ್ತಿತ್ತು. 400 ಲಾಟು ಇದ್ದರೆ ಪರದೆ ಒಂದು ಸಲ ತೆರೆಯಲು 6 ಸೆಕೆಂಡ್. ಮೇಲಿಂದ ಆ ಪರದೆ ತನ್ನಷ್ಟಕ್ಕೆ ರಿಫ್ರೆಶ್ ಆಗುತ್ತದೆ, ಎಲ್ಲ ಗುಮಾಸ್ತರ ಕಂಪ್ಯೂಟರಿನಲ್ಲೂ. ತಿಂಗಳ ರಿಪೋರ್ಟ್ ಈ ಪುಟದಲ್ಲಿ ಎಲ್ಲೋ ಕೆಳಗಿತ್ತು, ಪಾಪ.

ಹೆಸರು ಹುಡುಕಲು 15 ಮಿಲಿಸೆಕೆಂಡ್ ಯಾಕೆ ಬೇಕು? ಅದನ್ನು ಪಿಜಿಬ್ಯಾಡ್ಜರ್ ಹೇಳುವುದಿಲ್ಲ. ಕ್ವೆರಿ ಎತ್ತಿಕೊಂಡು ನಾವೇ 'ಎಕ್ಸ್‌ಪ್ಲೇನ್ ಅನಲೈಸ್' ಕೊಟ್ಟು, ಪೋಸ್ಟ್‌ಗ್ರೆಸ್ ಅದನ್ನು ಹೇಗೆ ಓಡಿಸುತ್ತದೆ ಅಂತ ನೋಡಬೇಕು. ಖಾತೆ ನಂಬರಿನ ಕಾಲಂ ಟೆಕ್ಸ್ಟ್ ಆಗಿತ್ತು. ಪ್ರೋಗ್ರಾಂ ಅದನ್ನು ಅಂಕೆಗೆ ಬದಲಿಸಿ ಹೋಲಿಸುತ್ತಿತ್ತು. ಹಾಗೆ ಬದಲಿಸಿದ ಮೇಲೆ ಕಾಲಂ ಮೇಲಿನ ಮಾಮೂಲಿ ಇಂಡೆಕ್ಸ್ (ಬೇಗ ಹುಡುಕಲು ಇರುವ ಸೂಚಿ) ಕೆಲಸಕ್ಕೆ ಬರುವುದಿಲ್ಲ, ಪ್ರತಿ ಸಲ ಇಡೀ ಟೇಬಲ್ ಓದುತ್ತದೆ. ಬದಲಿಸಿದ ರೂಪಕ್ಕೇ ಒಂದು ಇಂಡೆಕ್ಸ್ ಹಾಕಿದೆ. ಆಮೇಲೆ ಪ್ರೋಗ್ರಾಂ ಬರೆದವರು ಜಾಯಿನ್ ಹಾಕಿ, ಅಂದ್ರೆ ಟೇಬಲ್ಲುಗಳನ್ನು ಜೋಡಿಸಿ, ಒಂದೇ ಕ್ವೆರಿ ಮಾಡಿಕೊಟ್ಟರು. ಹೊಸ ಸರ್ವರ್ ಮಾತು ಅಲ್ಲಿಗೆ ನಿಂತಿತು.

ಲಾಕ್‌ಗಳ ಪುಟವೂ ಒಳ್ಳೆಯದು. ಲಾಕ್ ಅಂದ್ರೆ ಒಬ್ಬರು ತಿದ್ದುತ್ತಿರುವಾಗ ಇನ್ನೊಬ್ಬರು ಕಾಯುವಂತೆ ಡೇಟಾಬೇಸ್ ಹಾಕುವ ಬೀಗ. ಅದಕ್ಕೆ 'ಲಾಗ್ ಲಾಕ್ ವೇಟ್ಸ್' ಆನ್ ಇರಬೇಕು. ಆಗ ಒಂದು ಸೆಕೆಂಡಿಗಿಂತ ಜಾಸ್ತಿ ಲಾಕ್‌ಗೆ ಕಾದ ಕ್ವೆರಿಗಳು ಸಿಗುತ್ತವೆ. ಯಾರೋ ಒಬ್ಬರು ಪಟ್ಟಿ ತಿದ್ದಲು ತೆರೆದು ಚಹಾಕ್ಕೆ ಹೋದರೆ ಉಳಿದವರು ಕಾಯುವುದು ಅಲ್ಲಿ ಸ್ಪಷ್ಟ ಕಾಣುತ್ತದೆ. ಯಾರು ಅಂತ ನಾನು ಅಂಗಡಿಯಲ್ಲಿ ಹೇಳಲಿಲ್ಲ. ಪೋಸ್ಟ್‌ಗ್ರೆಸ್ 9.6ರಿಂದ ಇರುವ ಐಡಲ್ ಟ್ರಾನ್ಸಾಕ್ಷನ್ ಟೈಮ್‌ಔಟ್ (ಕೆಲಸ ಅರ್ಧಕ್ಕೆ ಬಿಟ್ಟು ಸುಮ್ಮನಿದ್ದರೆ ಸಂಪರ್ಕ ಕಡಿಯುವ ಸೆಟ್ಟಿಂಗ್) ಹಾಕಿ ಬಿಟ್ಟೆ. ಟೆಂಪ್ ಫೈಲ್, ಚೆಕ್‌ಪಾಯಿಂಟ್, ವ್ಯಾಕ್ಯೂಮ್ ಪುಟಗಳೂ ಇವೆ, ಇಷ್ಟು ಸಣ್ಣ ಅಂಗಡಿಗೆ ಅವುಗಳ ಉಪಯೋಗ ಕಡಿಮೆ.

ಈಗ ದೂರು. ನಾನು ಐದು ಸ್ಟಾರಿನಲ್ಲಿ ನಾಲ್ಕೇ ಕೊಡುವುದು ಇವುಗಳಿಂದ.

0 ಇಟ್ಟರೆ ಲಾಗ್ ಊದಿಕೊಳ್ಳುತ್ತದೆ. ಡಿಸ್ಕ್ ಮೇಲೆ ಕಣ್ಣಿಡದೆ ಹಾಗೇ ಬಿಟ್ಟು ಮನೆಗೆ ಹೋಗಬೇಡಿ. ಪೋಸ್ಟ್‌ಗ್ರೆಸ್ 13ರಿಂದ ಕ್ವೆರಿಗಳಲ್ಲಿ ಇಷ್ಟು ಭಾಗ ಮಾತ್ರ ಬರಿ ಅಂತ ಹೇಳಬಹುದು, ಆದರೆ ಆಗ ವರದಿಯ ಎಣಿಕೆಗಳನ್ನು ಹಾಗೇ ನಂಬುವಂತಿಲ್ಲ. ಲಾಗ್ ಮೆಸೇಜು ಇಂಗ್ಲಿಷಿನಲ್ಲೇ ಇರಬೇಕು, ಸಾಲಿನ ಮೊದಲ ಭಾಗದ ರೂಪ ಬದಲಿಸಿದ್ದರೆ ಅದನ್ನೂ ಹೇಳಿಕೊಡಬೇಕು. ಇಲ್ಲವಾದರೆ ವರದಿ ಖಾಲಿ ಬರುತ್ತದೆ, ಯಾಕೆ ಅಂತ ಗೊತ್ತಾಗುವಂತೆ ಹೇಳುವುದೂ ಇಲ್ಲ.

ಇನ್ನೊಂದು ದೊಡ್ಡದು. ವರದಿಯಲ್ಲಿ ಉದಾಹರಣೆಗೆ ಅಂತ ನಿಜವಾದ ಕ್ವೆರಿಗಳನ್ನೇ ತೋರಿಸುತ್ತದೆ. ಅದರೊಳಗೆ ರೈತರ ಬ್ಯಾಂಕ್ ಖಾತೆ, ಫೋನ್ ನಂಬರ್ ಎಲ್ಲ ಇರುತ್ತವೆ. ಪ್ರೋಗ್ರಾಂ ಬರೆದವರು ಕಾರವಾರದಲ್ಲಿ, ಫೈಲನ್ನು ವಾಟ್ಸಾಪ್‌ನಲ್ಲಿ ಕಳಿಸಿ ಅಂದರು. ಸುಮ್ನೆ ಕಳಿಸುವ ಫೈಲಲ್ಲ ಅದು. ಆ ವಿವರಗಳನ್ನು ಮರೆಮಾಚುವ 'ಅನಾನಿಮೈಸ್' ಆಯ್ಕೆ ಕೊಟ್ಟು ಮತ್ತೊಮ್ಮೆ ವರದಿ ತೆಗೆದು ಕಳಿಸಿದೆ. ಈ ಆಯ್ಕೆ ಮೊದಲಿನಿಂದಲೇ ಆನ್ ಇರಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ಈಗ ನಿಧಾನ ಆಗಿದೆ, ಈಗಲೇ ನೋಡಬೇಕು ಅನ್ನುವವರಿಗೆ ಇದು ಆಗುವುದಿಲ್ಲ, ಆಗಿಹೋದದ್ದನ್ನು ಮಾತ್ರ ಹೇಳುತ್ತದೆ. ಅದಕ್ಕೆ ಪೋಸ್ಟ್‌ಗ್ರೆಸ್ ಜೊತೆಗೇ ಬರುವ 'ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್' ಹಾಕಿಕೊಳ್ಳಿ. ಲಾಗ್ ಬೇಡ, ಡಿಸ್ಕ್ ತುಂಬುವುದಿಲ್ಲ, ಒಂದು ಸೆಲೆಕ್ಟ್ ಕ್ವೆರಿ ಕೊಟ್ಟರೆ ಒಟ್ಟು ಸಮಯದ ಲೆಕ್ಕ ಅಲ್ಲೇ ಸಿಗುತ್ತದೆ. ಹಾಕುವಾಗ ಒಂದು ಸಲ ಸರ್ವರ್ ರೀಸ್ಟಾರ್ಟ್ ಮಾಡಬೇಕು, ಹಾಗಾಗಿ ಸಂಜೆ ಬಾಗಿಲು ಹಾಕಿದ ಮೇಲೆ ಮಾಡಿ. ಆದರೆ ಎಷ್ಟು ಗಂಟೆಗೆ ಓಡಿತು ಅನ್ನುವುದು ಅದರಲ್ಲಿ ಇಲ್ಲ. ನಾನು ದಿನವೂ ಇದನ್ನು ನೋಡುತ್ತೇನೆ, ಸೀಸನ್ ಜೋರಾದಾಗ ಪಿಜಿಬ್ಯಾಡ್ಜರ್ ತೆಗೆಯುತ್ತೇನೆ.

ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್ ಇಟ್ಟುಕೊಂಡವರಿಗೆ ಪಿಜಿಬ್ಯಾಡ್ಜರ್ ಪ್ರಯೋಜನಕ್ಕಿಲ್ಲ. ಅವರು ಸ್ಲೋ ಕ್ವೆರಿ ಲಾಗ್ ಆನ್ ಮಾಡಿ, ಪರ್ಕೋನಾ ಟೂಲ್‌ಕಿಟ್‌ನ 'ಪಿಟಿ ಕ್ವೆರಿ ಡೈಜೆಸ್ಟ್' ಬಳಸಬಹುದು. ಆ ಸ್ಲೋ ಕ್ವೆರಿ ಲಾಗ್‌ಗೆ ಮೊದಲೇ ಇರುವ ಮಿತಿ 10 ಸೆಕೆಂಡ್, ಅದನ್ನು ಇಳಿಸಿಕೊಂಡೇ ಶುರು ಮಾಡಿ.